ಕರುಗಳ ಹೊಕ್ಕುಳ ಹರ್ನಿಯಾ: ಬರೆ ಬೇಡ, ಶಸ್ತ್ರಚಿಕಿತ್ಸೆ ಇದೆ
(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕರು ಹುಟ್ಟಿದ ಕೆಲವು ವಾರಗಳಲ್ಲಿ ಅದರ ಹೊಕ್ಕುಳಲ್ಲಿ ನಿಂಬೆಹಣ್ಣಿನಷ್ಟೋ ತೆಂಗಿನಕಾಯಿಯಷ್ಟೋ ಗಾತ್ರದ ಉಬ್ಬು ಕಾಣಿಸಿಕೊಳ್ಳುವುದು ಹೈನುಗಾರಿಕೆಯಿರುವ ಗ್ರಾಮಗಳಲ್ಲಿ ಅಪರೂಪವಲ್ಲ. ಅದನ್ನು ಕಂಡು ಕೆಲವರು ಬರೆ ಹಾಕಿಸುತ್ತಾರೆ. ಇನ್ನು ಕೆಲವರು ಕೀವು ಗಡ್ಡೆಯೆಂದು ಬ್ಲೇಡಿನಿಂದ ಕೊಯ್ಯುತ್ತಾರೆ. ಬರೆಯಿಂದ ಕರುವಿಗೆ ನೋವಲ್ಲದೆ ಬೇರೇನೂ ದಕ್ಕುವುದಿಲ್ಲ. ಕೊಯ್ದರೆ ಪ್ರಾಣವೇ ಹೋಗಬಹುದು. ಏಕೆಂದರೆ ಆ ಉಬ್ಬಿನೊಳಗೆ ಇರುವುದು ಹಲವು ಬಾರಿ ಕೀವಲ್ಲ, ಕರುಳು.

ಗರ್ಭದಲ್ಲಿರುವಾಗ ಹೊಕ್ಕುಳಬಳ್ಳಿಯ ರಕ್ತನಾಳಗಳು ಹಾದುಹೋಗಲು ಹೊಟ್ಟೆಯ ಗೋಡೆಯಲ್ಲಿ ಒಂದು ರಂಧ್ರವಿರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಮುಚ್ಚದಿದ್ದಲ್ಲಿ ಒಳಗಿನ ಕೊಬ್ಬಿನ ಪೊರೆ, ಕರುಳು ಅಥವಾ ನಾಲ್ಕನೆಯ ಜಠರದ ಭಾಗ ಚರ್ಮದಡಿಗೆ ಇಳಿಯುತ್ತದೆ. ವಂಶವಾಹಿ ದೋಷ ಮತ್ತು ಹೊಕ್ಕುಳಿನ ಸೋಂಕು ಇದಕ್ಕೆ ಮುಖ್ಯ ಕಾರಣಗಳು. ಹಾಲ್‌ಸ್ಟೈನ್ ಫ್ರೀಸಿಯನ್ ತಳಿಯಲ್ಲಿ ಇದು ಹೆಚ್ಚು.

ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಉಬ್ಬು ಒಳಸರಿದು, ಉಂಗುರದಂತಹ ಅಂಚು ತಾಕಿದರೆ ಅದು ಹರ್ನಿಯಾ. ಬಿಸಿಯಾಗಿ, ಗಟ್ಟಿಯಾಗಿ, ಮುಟ್ಟಿದರೆ ನೋಯುವಂತಿದ್ದರೆ ಕೀವಿರಬಹುದು. ಎರಡೂ ಒಟ್ಟಿಗೆ ಇರುವುದುಂಟು. ಆದುದರಿಂದ ನಿರ್ಣಯವನ್ನು ಪಶುವೈದ್ಯರಿಗೇ ಬಿಡತಕ್ಕದ್ದು. ಮೊದಲು ಒಳಸರಿಯುತ್ತಿದ್ದ ಉಬ್ಬು ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಕರು ಹಾಲು ಬಿಟ್ಟು, ಹೊಟ್ಟೆಗೆ ಒದ್ದುಕೊಳ್ಳತೊಡಗಿದರೆ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತಿರುವ ಸಂಭವವಿದೆ. ಆಗ ಬೆಳಗಿನವರೆಗೆ ಕಾಯುವಂತಿಲ್ಲ.

ಒಂದೆರಡು ಬೆರಳು ಅಗಲದ ರಂಧ್ರ ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳಬಹುದು. ಅದಕ್ಕಿಂತ ದೊಡ್ಡದಾದರೆ, ಇಲ್ಲವೇ ಕುಗ್ಗದೇ ಉಳಿದರೆ ಶಸ್ತ್ರಚಿಕಿತ್ಸೆ ಅಗತ್ಯ. ಕರು ಬೆಳೆದಂತೆ ಹೊಟ್ಟೆಯ ಭಾರ ಹೆಚ್ಚಿ ಹೊಲಿಗೆಯ ಮೇಲೆ ಒತ್ತಡ ಬೀಳುವುದರಿಂದ 3ರಿಂದ 6 ತಿಂಗಳ ವಯಸ್ಸು ಅನುಕೂಲಕರ. ವೈದ್ಯರು ಹೇಳಿದಷ್ಟು ಹೊತ್ತು ಕರುವಿಗೆ ಮೇವು ನಿಲ್ಲಿಸಬೇಕು. ಮಂಪರು ಬರಿಸಿ, ಬೆನ್ನಿನ ಮೇಲೆ ಮಲಗಿಸಿ, ಕೂದಲು ಬೋಳಿಸಿ, ಆ ಜಾಗಕ್ಕೆ ಅರಿವಳಿಕೆ ಚುಚ್ಚುಮದ್ದು ನೀಡಲಾಗುತ್ತದೆ. ಚರ್ಮ ಬಿಡಿಸಿ, ಇಳಿದ ಅಂಗವನ್ನು ಒಳಸೇರಿಸಿ, ರಂಧ್ರದ ಅಂಚುಗಳನ್ನು ಬಲವಾದ ದಾರದಿಂದ ಹೊಲಿಯುತ್ತಾರೆ. ರಂಧ್ರ ಬಹಳ ದೊಡ್ಡದಿದ್ದರೆ ಪಾಲಿಪ್ರೊಪಿಲಿನ್ ಜಾಲರಿಯನ್ನು ಜೋಡಿಸುವುದುಂಟು.

ಶಸ್ತ್ರಚಿಕಿತ್ಸೆ ವಿಫಲವಾಗಲು ಹಲವು ಬಾರಿ ಕೊಟ್ಟಿಗೆಯೇ ಕಾರಣ. ಮೂರನೆಯ ದಿನಕ್ಕೆ ಕರು ಚುರುಕಾಗುತ್ತದೆ. ಮನೆಯವರು ಸಂತೋಷದಿಂದ ಬಯಲಿಗೆ ಬಿಡುತ್ತಾರೆ. ಅದು ನೆಗೆದಾಡಿ ಹೊಲಿಗೆ ಬಿಚ್ಚುತ್ತದೆ. ಹೊರಗಿನ ಹೊಲಿಗೆ ತೆಗೆಯುವ 10ರಿಂದ 14 ದಿನಗಳವರೆಗೂ, ಆ ಬಳಿಕ ಇನ್ನೂ ಕೆಲವು ದಿನಗಳೂ ಅದನ್ನು ಒಣ ನೆಲದ ಮೇಲೆ ಪ್ರತ್ಯೇಕವಾಗಿ ಕಟ್ಟಬೇಕು. ಹೊಟ್ಟೆ ಬಿರಿಯುವಷ್ಟು ಮೇವು ಒಮ್ಮೆಗೇ ಹಾಕದೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು, ಗಾಯಕ್ಕೆ ನೊಣ ಕೂರದಂತೆ ನೋಡಿಕೊಳ್ಳಬೇಕು. ಸ್ವಲ್ಪ ಬಾವು ಸಹಜ. ಕೀವು ಅಥವಾ ನೀರು ಸೋರಿದರೆ ಅಲ್ಲ.

ಸದಸ್ಯರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಶಸ್ತ್ರಚಿಕಿತ್ಸೆ ರಂಧ್ರವನ್ನು ಮುಚ್ಚುತ್ತದೆಯೇ ಹೊರತು ವಂಶದ ದೋಷವನ್ನಲ್ಲ. ಹರ್ನಿಯಾ ಇದ್ದ ಗಂಡುಕರುವನ್ನು ಊರಿನ ಬೀಜದ ಹೋರಿಯಾಗಿ ಉಳಿಸಿಕೊಳ್ಳಬಾರದು. ಒಂದೇ ಹೋರಿಯ ವೀರ್ಯದಿಂದ ಹುಟ್ಟಿದ ಹಲವು ಕರುಗಳಲ್ಲಿ ಇದು ಕಂಡುಬಂದರೆ, ವೀರ್ಯನಳಿಕೆಯ ಮೇಲಿನ ಹೋರಿಯ ಸಂಖ್ಯೆಯನ್ನು ಪಶುವೈದ್ಯರಿಗೆ ತಿಳಿಸಬೇಕು.

ಸೋಂಕನ್ನು ತಡೆಯುವುದು ಕಷ್ಟವಲ್ಲ. ಕರು ಹುಟ್ಟಿದೊಡನೆ ಹೊಕ್ಕುಳಬಳ್ಳಿಯನ್ನು ಎರಡು ಅಂಗುಲ ಬಿಟ್ಟು ಶುದ್ಧ ದಾರದಿಂದ ಕಟ್ಟಿ, ಹೊಸ ಬ್ಲೇಡಿನಿಂದ ಕತ್ತರಿಸಿ, ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು; 25 ಕೆ.ಜಿ. ತೂಕದ ಕರುವಿಗೆ ಮೊದಲ ದಿನ ಸುಮಾರು ಎರಡೂವರೆ ಲೀಟರ್.

ಪಶುಸಂಗೋಪನೆಯು ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸೂಚಿಸಲಾದ ವಿಷಯ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಮಂಡಿಸಿ, ಹಾಲು ಉತ್ಪಾದಕರ ಸಂಘದ ಗೋಡೆಯ ಮೇಲೆ ಪಶು ಸಂಜೀವಿನಿಯ 1962 ಸಂಖ್ಯೆಯನ್ನು ಬರೆಸಿ, ಸಂಘದಲ್ಲಿ ಅಯೋಡಿನ್ ಸದಾ ದೊರೆಯುವಂತೆ ವ್ಯವಸ್ಥೆ ಮಾಡಲು ಕೋರಲಾಗಿದೆ.