ಆಟಿಸಂ ಪರೀಕ್ಷೆ ದುಡ್ಡಿದ್ದವರಿಗೆ ಮಾತ್ರವೇ?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)

ಸಾಮಾನ್ಯವಾಗಿ ಈ ಕಟ್ಟೆಯ ಮೇಲೆ ನಾವು ಕೂಲಿ, ಬೋನಸ್ಸು, ಅಂಗಡಿ ಬಾಡಿಗೆ ಇವುಗಳ ಮಾತನ್ನೇ ಆಡುತ್ತೇವೆ. ಈ ದಿನ ಬೇರೊಂದು ವಿಷಯ ಹೇಳಬೇಕಾಗಿದೆ. ಕಳೆದ ತಿಂಗಳು ಗಿರಣಿಯ ಗೆಳೆಯರೊಬ್ಬರು ರಾತ್ರಿ ಪಾಳಿ ಮುಗಿಸಿ ನೇರವಾಗಿ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಒಂದು ಚೀಲ, ಚೀಲದೊಳಗೆ ಹನ್ನೊಂದು ಪುಟದ ವರದಿ, ಅಷ್ಟೂ ಇಂಗ್ಲಿಷಿನಲ್ಲಿ. ಐದು ವರ್ಷದ ಮಗನನ್ನು ದೊಡ್ಡ ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ಹೆಂಡತಿಯ ಓಲೆ ಅಡವಿಟ್ಟು, ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಹಣ ಕಟ್ಟಿ ತಂದ ವರದಿ ಅದು. ಮಗುವಿಗೆ ಆಟಿಸಂ ಇದೆ ಎಂದು ಅದರಲ್ಲಿ ಬರೆದಿತ್ತು. ಅದನ್ನು ಹಿಡಿದುಕೊಂಡು ಸರ್ಕಾರಿ ಪ್ರಮಾಣಪತ್ರ ಕೇಳಲು ಹೋದರೆ, “ಇದು ನಡೆಯುವುದಿಲ್ಲ, ನಮ್ಮ ವೈದ್ಯರೇ ನೋಡಬೇಕು” ಎಂದರಂತೆ. ಅವರು ನಮ್ಮ ಮುಂದೆ ಕುಳಿತು ಕೇಳಿದ್ದು ಒಂದೇ ಮಾತು: “ಮೇಷ್ಟ್ರೇ, ಹಾಗಾದರೆ ನಾನು ದುಡ್ಡು ಕೊಟ್ಟು ಕೊಂಡದ್ದೇನು?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಿಳಿದುಬಂದುದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ನಾವು ವೈದ್ಯರಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ. ಪಕ್ಷದ ಕೆಲಸಕ್ಕೆ ಬರುವ ಮೊದಲು ಒಂದು ಸಣ್ಣ ಶಾಲೆಯಲ್ಲಿ ಕೆಲವು ವರ್ಷ ಅಕ್ಷರ ಕಲಿಸಿದೆವು. ಅಲ್ಲಿ ಒಬ್ಬ ಹುಡುಗನಿದ್ದ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. “ಪುಸ್ತಕ ಎಲ್ಲಿ?” ಎಂದರೆ “ಪುಸ್ತಕ ಎಲ್ಲಿ?” ಎಂದೇ ಮರಳಿ ಹೇಳುತ್ತಿದ್ದ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಿದ್ದ. ಆದರೆ ನಮ್ಮೂರ ನಿಲ್ದಾಣದಿಂದ ಹೊರಡುವ ಬಸ್ಸುಗಳ ವೇಳೆಯನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ನಮ್ಮನ್ನು ಅಣಕಿಸುತ್ತಾನೆಂದು ತಿಳಿದು ನಾವು ಅವನಿಗೆ ಹೊಡೆದೆವು. ಒಂದು ಸಲವಲ್ಲ, ಹಲವು ಸಲ. ಮೂರನೆಯ ತರಗತಿಗೆ ಅವನು ಶಾಲೆ ಬಿಟ್ಟ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಹೇಳದೆ ಮುಂದಿನ ಮಾತನ್ನಾಡುವ ಅಧಿಕಾರ ನಮಗಿಲ್ಲ.

ಆಟಿಸಂ ಎಂದರೆ ಏನು? ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಇದು ಹುಚ್ಚಲ್ಲ, ಗಾಳಿಯಲ್ಲ, ಅಂಟುವ ರೋಗವಲ್ಲ. ಮೆದುಳು ಬೆಳೆಯುವ ರೀತಿಯೇ ಮೊದಲಿನಿಂದ ಬೇರೆಯಾಗಿರುತ್ತದೆ. ಇತರರೊಡನೆ ಮಾತುಕತೆ, ಕಣ್ಣುಸನ್ನೆ, ಕೂಡಿ ಆಡುವುದು ಇವು ಕಷ್ಟವಾಗುತ್ತವೆ. ಮಾಡಿದ್ದನ್ನೇ ಮಾಡುವುದು, ದಿನಚರಿ ಸ್ವಲ್ಪ ಬದಲಾದರೂ ತಾಳಲಾರದಿರುವುದು, ಸದ್ದು ಬೆಳಕುಗಳನ್ನು ಸಹಿಸಲಾರದಿರುವುದು ಕಾಣುತ್ತದೆ. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರು ಕಾಲೇಜು ಮುಗಿಸಿ ಕೆಲಸ ಮಾಡುತ್ತಾರೆ. ತಾಯಿ ಕೆಲಸಕ್ಕೆ ಹೋದದ್ದರಿಂದ ಹೀಗಾಯಿತು, ಮುದ್ದು ಮಾಡದ್ದರಿಂದ ಹೀಗಾಯಿತು ಎಂದು ಮನೆಯವರು ಆಡಿಕೊಳ್ಳುತ್ತಾರೆ. ದೊಡ್ಡ ದೊಡ್ಡ ವೈದ್ಯರೂ ಒಂದು ಕಾಲದಲ್ಲಿ ಹಾಗೆಯೇ ತಾಯಂದಿರನ್ನು ದೂರಿದರು. ಅದು ಸುಳ್ಳೆಂದು ತೀರ್ಮಾನವಾಗಿ ದಶಕಗಳೇ ಕಳೆದವು.

ಈಗ ದುಡ್ಡಿನ ಮಾತಿಗೆ ಬರೋಣ. ಅದಕ್ಕಾಗಿ ಸ್ವಲ್ಪ ದೂರ, ಅಮೇರಿಕಕ್ಕೆ ಹೋಗಬೇಕು. ಈ ಸ್ಥಿತಿಯನ್ನು 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತದೊಡನೆ ಬರೆದು ಪ್ರಸಿದ್ಧಿಗೆ ತಂದವರು ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್. ಅವರ ಲೇಖನದ ಮೊದಲನೆಯ ಹುಡುಗ ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪ್ಪಿ ಸಂಸ್ಥಾನದ ಫಾರೆಸ್ಟ್ ಎಂಬ ಸಣ್ಣ ಊರಿನವನು. ತಂದೆ ವಕೀಲರು, ತಾಯಿಯ ಮನೆಯವರು ಊರಿನ ಬ್ಯಾಂಕಿನ ಒಡೆಯರು. ತಂದೆ ಮಗನ ವಿಷಯವಾಗಿ 33 ಪುಟದ ಪತ್ರ ಬರೆಸಿ ಕಳಿಸಿ, 1938ರಲ್ಲಿ ಅವನನ್ನು ಬಾಲ್ಟಿಮೋರಿಗೆ ಕರೆದೊಯ್ದರು. ಆ ಹುಡುಗ ಬೆಳೆದು ಅದೇ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಕಾರು ಓಡಿಸಿ, ದೇಶ ಸುತ್ತಿ, 89 ವರ್ಷ ಬಾಳಿ 2023ರಲ್ಲಿ ತೀರಿಕೊಂಡ. ಅವನ ಬಾಳು ಹಸನಾದುದಕ್ಕೆ ನಮಗೆ ಸಂತೋಷವೇ. ಆದರೆ ಅದೇ ಊರಿನ ಹತ್ತಿ ಹೊಲದ ಕೂಲಿಯವನಿಗೆ ಅಂಥ ಮಗನಿದ್ದರೆ ಅವನು ಬಾಲ್ಟಿಮೋರಿಗೆ ಹೋಗುತ್ತಿದ್ದನೇ?

ಕ್ಯಾನರ್ ಅವರ ಬಳಿಗೆ ಬಂದ ತಂದೆತಾಯಿಗಳೆಲ್ಲ ಓದಿದವರು, ಅನುಕೂಲಸ್ಥರು. ಇದನ್ನು ನೋಡಿದ ವೈದ್ಯಲೋಕ ಆಟಿಸಂ ಎಂಬುದು ಓದಿದವರ ಮನೆಯ ಮಕ್ಕಳಿಗೆ ಬರತಕ್ಕದ್ದು ಎಂದು ಬಹುಕಾಲ ನಂಬಿತು. ಈ ನಂಬಿಕೆಯನ್ನು ಒಡೆದವರು ಇಂಗ್ಲೆಂಡಿನ ಲೋರ್ನಾ ವಿಂಗ್ ಎಂಬ ವೈದ್ಯೆ. ಅವರ ಮಗಳಿಗೇ ಆಟಿಸಂ ಇತ್ತು. ಅವರೂ ಜೂಡಿತ್ ಗೌಲ್ಡ್ ಎಂಬುವರೂ ಕೂಡಿ, ದವಾಖಾನೆಗೆ ಬಂದವರನ್ನು ಮಾತ್ರ ಲೆಕ್ಕ ಹಾಕದೆ, ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಭಾಗದಲ್ಲಿ ತೊಂದರೆಯಿರುವ ಮಕ್ಕಳನ್ನೆಲ್ಲ ತಾವೇ ಹುಡುಕಿದರು. ಆಟಿಸಂ ಇದ್ದ ಮಕ್ಕಳು ಎಲ್ಲ ವರ್ಗದ ಮನೆಗಳಲ್ಲಿಯೂ ಸಿಕ್ಕಿದರು. ಆ ಅಧ್ಯಯನ 1979ರಲ್ಲಿ ಪ್ರಕಟವಾಯಿತು. ವೈದ್ಯರ ಬಾಗಿಲಿಗೆ ಯಾರು ಹೋಗಬಲ್ಲರೋ ಅವರ ಮಕ್ಕಳು ಮಾತ್ರ ಎಣಿಕೆಗೆ ಸಿಕ್ಕಿದ್ದರು ಎಂದು 1980ರಲ್ಲಿ ಅವರು ತೋರಿಸಿಕೊಟ್ಟರು. ಬಂಧುಗಳೇ, ಈ ಮಾತನ್ನು ಗಂಟು ಹಾಕಿಕೊಳ್ಳಿ. ಆಟಿಸಂ ವರ್ಗ ನೋಡಿ ಬರುವುದಿಲ್ಲ. ಅದರ ಹೆಸರು ಮಾತ್ರ ವರ್ಗ ನೋಡಿ ಸಿಗುತ್ತದೆ. ಸಾಹುಕಾರನ ಮಗನಿಗೆ ‘ಆಟಿಸಂ’ ಎಂಬ ಹೆಸರು ಸಿಕ್ಕಿತು. ನಮ್ಮ ಹುಡುಗನಿಗೆ ಸಿಕ್ಕಿದ ಹೆಸರು ‘ಮೊದ್ದು’, ‘ಮೊಂಡ’. ಆ ಹೆಸರು ಇಟ್ಟವರಲ್ಲಿ ನಾವೂ ಒಬ್ಬರು.

ಇನ್ನು ಪರೀಕ್ಷೆ ಎಂದರೆ ಏನು ನಡೆಯುತ್ತದೆ? ರಕ್ತ ತೆಗೆದು, ತಲೆಯ ಫೋಟೋ ಹಿಡಿದು ಆಟಿಸಂ ಇದೆ ಇಲ್ಲ ಎಂದು ಹೇಳಲು ಬರುವುದಿಲ್ಲ. ಬಲ್ಲವರು ತಂದೆತಾಯಿಯಿಂದ ಮಗುವಿನ ಚರಿತ್ರೆ ಕೇಳುತ್ತಾರೆ: ಎಂದು ನಕ್ಕಿತು, ಎಂದು ಬೆರಳು ಮಾಡಿ ತೋರಿಸಿತು, ಬಂದ ಮಾತು ಹಿಂದಕ್ಕೆ ಹೋಯಿತೇ ಎಂದು. ಮಗುವನ್ನು ಆಡಲು ಬಿಟ್ಟು ನೋಡುತ್ತಾರೆ. ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸುತ್ತಾರೆ, ಬುದ್ಧಿಯ ಬೆಳವಣಿಗೆ ಅಳೆಯುತ್ತಾರೆ. ನಮ್ಮ ದೇಶದಲ್ಲಿಯೇ ಸಿದ್ಧವಾದ ಒಂದು ಅಳತೆಯಿದೆ. ಅದರಲ್ಲಿ 40 ಅಂಶಗಳು, ಒಂದೊಂದಕ್ಕೆ 1ರಿಂದ 5ರವರೆಗೆ ಅಂಕ. ಇಷ್ಟೇ. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಕಾಗಿಲ್ಲ. ತರಬೇತಾದ ಮನುಷ್ಯರು ಬೇಕು, ಅವರಿಗೆ ಸಮಯ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊರತೆಯಿರುವುದು ಇವೆರಡಕ್ಕೇ. ಖಾಸಗಿಯವರು ಮಾರುವುದೂ ಇವೆರಡನ್ನೇ.

ಕಾನೂನು ನಮ್ಮ ಕಡೆಗಿದೆ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಹೊಸ ಕಾಯಿದೆ 21 ಬಗೆಯ ಅಂಗವಿಕಲತೆಗಳನ್ನು ಹೆಸರಿಸಿತು. ಅದರಲ್ಲಿ ಆಟಿಸಂ ಸೇರಿದೆ. ಶೇಕಡಾ 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ಬಂದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಉನ್ನತ ವ್ಯಾಸಂಗದಲ್ಲಿಯೂ ಸರ್ಕಾರಿ ನೌಕರಿಯಲ್ಲಿಯೂ ಮೀಸಲಾತಿಯ ಹಕ್ಕುಂಟು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ‘ನಿರಾಮಯ’ ಎಂಬ ಆರೋಗ್ಯ ವಿಮೆಯುಂಟು. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಖರ್ಚು ಕೊಡುತ್ತದೆ. ಆದರೆ ಪ್ರಮಾಣಪತ್ರ ಕೊಡತಕ್ಕವರು ಸರ್ಕಾರ ನೇಮಿಸಿದ ವೈದ್ಯರು ಮಾತ್ರ. ಖಾಸಗಿ ವರದಿ ಅವರ ಮುಂದೆ ಒಂದು ಆಧಾರವಾದೀತೇ ಹೊರತು ಪ್ರಮಾಣಪತ್ರವಾಗಲಾರದು. ಗಿರಣಿಯ ಗೆಳೆಯರಿಗೆ ಕ್ಲಿನಿಕ್ಕಿನಲ್ಲಿ ಯಾರೂ ಹೇಳದೆ ಬಿಟ್ಟ ಮಾತು ಇದೇ.

ಆದುದರಿಂದ ಮೊದಲು ಎಲ್ಲಿಗೆ ಹೋಗಬೇಕು? ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ನೋಡುವ ವೈದ್ಯರ ತಂಡವುಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಇವರು. ಬೆಳವಣಿಗೆಯ ತೊಂದರೆ ಕಂಡರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುವುದು ಅವರ ಕರ್ತವ್ಯ. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರನ್ನು, ಮನೋವೈದ್ಯರನ್ನು ಕೇಳಿ. ಇಎಸ್‌ಐ ಕಾರ್ಡು ಇರುವವರು ಇಎಸ್‌ಐ ದವಾಖಾನೆಯಲ್ಲಿ ಮುಂದಿನ ಆಸ್ಪತ್ರೆಗೆ ಚೀಟಿ ಕೇಳಿ. ನಿಮ್ಮ ಸಂಬಳದಿಂದ ಹಿಡಿದ ಹಣ ಅದು, ದಾನವಲ್ಲ. ಅಲ್ಲಿ ಆಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು, ಬೆಂಗಳೂರಿನ ನಿಮ್ಹಾನ್ಸ್ ಉಂಟು. ಎರಡೂ ಸರ್ಕಾರದವೇ. ಪ್ರಮಾಣಪತ್ರದ ಅರ್ಜಿಗೆ ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಬಹುದು.

ಸರದಿ ಉದ್ದವಾಗಿದ್ದರೆ? ಖಾಸಗಿಯವರಲ್ಲಿಗೆ ಹೋಗಲೇಬಾರದೇ? ಹಾಗೆ ನಾವು ಹೇಳುವುದಿಲ್ಲ. ಎಳೆಯ ಮಗುವಿನ ಒಂದು ವರ್ಷ ದೊಡ್ಡದು. ಬೇಗ ತಿಳಿದಷ್ಟೂ ಒಳ್ಳೆಯದು. ಆದರೆ ಬಟ್ಟೆ ಕೊಳ್ಳುವಾಗ ನಾಲ್ಕು ಅಂಗಡಿ ಕೇಳುವ ನಾವು ಇಲ್ಲಿ ಮಾತ್ರ ಕೈಮುಗಿದು ನಿಲ್ಲಬಾರದು. ಹಣ ಕಟ್ಟುವ ಮುಂಚೆ ಐದು ಪ್ರಶ್ನೆ ಕೇಳಿ. ಪರೀಕ್ಷೆ ಮಾಡುವವರು ಯಾರು; ವೈದ್ಯರಾದರೆ ವೈದ್ಯ ಪರಿಷತ್ತಿನ, ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಏನು? ಯಾವ ಅಳತೆ ಬಳಸುತ್ತೀರಿ? ಎಷ್ಟು ಸಲ ಬರಬೇಕು, ಒಟ್ಟು ಎಷ್ಟು ಹಣ? ವರದಿಯನ್ನು ಕನ್ನಡದಲ್ಲಿ ಓದಿ ತಿಳಿಸುತ್ತೀರಾ? ನಾಳೆಯಿಂದ ಮನೆಯಲ್ಲಿ ನಾವು ಮಾಡತಕ್ಕದ್ದೇನು? ಅರ್ಧ ಗಂಟೆಯಲ್ಲಿ ಆಟಿಸಂ ಎಂದು ಬರೆದುಕೊಟ್ಟು, ಅಂದೇ ವರ್ಷದ ಚಿಕಿತ್ಸೆಯ ಹಣ ಕೇಳುವವರಿಂದ ದೂರವಿರಿ. “ಪೂರ್ತಿ ಗುಣಮಾಡುತ್ತೇವೆ” ಎಂದು ಚುಚ್ಚುಮದ್ದು, ಪುಡಿ, ತೈಲ ಮಾರುವವರಿಂದ ಇನ್ನೂ ದೂರವಿರಿ. ಆಟಿಸಂ ಅನ್ನು ಹೋಗಲಾಡಿಸುವ ಔಷಧಿ ಇಲ್ಲ. ಮಾತಿನ ತರಬೇತಿ, ಆಟದ ಮೂಲಕ ಕಲಿಕೆ, ಶಾಲೆಯಲ್ಲಿ ತಾಳ್ಮೆ ಇವೇ ನೆರವು. ಇವನ್ನು ಆರಂಭಿಸಲು ಪ್ರಮಾಣಪತ್ರ ಕೈಗೆ ಬರುವವರೆಗೆ ಕಾಯಬೇಕಾಗಿಲ್ಲ.

ದೊಡ್ಡವರ ಮಾತೂ ಹೇಳಬೇಕು. ಮಗುವಿನ ವರದಿಯನ್ನು ಓದಿಸುತ್ತಿದ್ದಾಗ ಆ ಗೆಳೆಯರು ನಡುವೆ ತಡೆದು, “ಮೇಷ್ಟ್ರೇ, ಇದರಲ್ಲಿ ಅರ್ಧ ನನ್ನ ಕಥೆಯೇ” ಎಂದರು. ಹದಿನಾಲ್ಕು ವರ್ಷದಿಂದ ಅದೇ ಯಂತ್ರ. ಬೇರೆ ಯಂತ್ರಕ್ಕೆ ಹಾಕಿದ ದಿನ ಕೈ ನಡುಗುತ್ತದೆ. ಚಹಾದ ಹೊತ್ತಿನಲ್ಲಿ ಗುಂಪು ಬಿಟ್ಟು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಜಂಬದವನೆಂದು ನಾವೆಲ್ಲ ಅಂದುಕೊಂಡಿದ್ದೆವು. ಆಟಿಸಂ ಮಕ್ಕಳೊಡನೆ ಬೆಳೆದು ದೊಡ್ಡದಾಗುತ್ತದೆ, ಬಿಟ್ಟುಹೋಗುವುದಿಲ್ಲ. ದೊಡ್ಡವರನ್ನೂ ಪರೀಕ್ಷಿಸಲು ಬರುತ್ತದೆ. ಬಾಲ್ಯ ಕಂಡ ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯಬೇಕು. ಹೆಂಗಸರಲ್ಲಿ ಇದು ಗುರುತಿಗೆ ಸಿಗುವುದು ಇನ್ನೂ ತಡ. ಸುಮ್ಮನಿರುವ ಹೆಣ್ಣನ್ನು ಲೋಕ ಗುಣವಂತೆ ಎಂದುಬಿಡುತ್ತದೆ. ಎಲ್ಲರೂ ಪ್ರಮಾಣಪತ್ರ ಪಡೆಯಲೇಬೇಕೆಂದಿಲ್ಲ. ಆದರೆ ತನ್ನ ಸ್ವಭಾವಕ್ಕೆ ಸರಿಯಾದ ಹೆಸರು ತಿಳಿದವನು ತನ್ನನ್ನು ತಾನು ಹಳಿದುಕೊಳ್ಳುವುದನ್ನು ನಿಲ್ಲಿಸಬಲ್ಲ.

ಸರ್ಕಾರದ ಆಸ್ಪತ್ರೆ ಇದ್ದಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬುದನ್ನೂ ಒಪ್ಪಬೇಕು. 1948ರಿಂದ ಎಲ್ಲರಿಗೂ ಸರ್ಕಾರಿ ವೈದ್ಯ ಸೇವೆ ನಡೆಸುತ್ತಿರುವ ಇಂಗ್ಲೆಂಡಿನಲ್ಲಿ, 2024ರಲ್ಲಿ ಆಟಿಸಂ ಪರೀಕ್ಷೆಗಾಗಿ ಎರಡು ಲಕ್ಷಕ್ಕೂ ಹೆಚ್ಚು ಜನ ಕಾಯುತ್ತಿದ್ದರು. ಮೂರು ತಿಂಗಳೊಳಗೆ ಪರೀಕ್ಷೆ ಆರಂಭವಾಗಬೇಕೆಂಬುದು ಅಲ್ಲಿನ ಮಾರ್ಗಸೂಚಿ. ದುಡ್ಡಿದ್ದವರು ಸರದಿ ದಾಟಿ ಖಾಸಗಿಗೆ ಹೋಗುತ್ತಾರೆ, ಉಳಿದವರು ಕಾಯುತ್ತಾರೆ. ಬಾಗಿಲು ತೆರೆದರೆ ಸಾಲದು, ಒಳಗೆ ಜನ ಇರಬೇಕು.

ಇದು ಆಗದ ಮಾತೇ? ನಮ್ಮ ನಾಡಿನ ಬಳ್ಳಾರಿಯನ್ನು ನೋಡಿ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಆ ಜಿಲ್ಲೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತಂದರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಗ ಬಳ್ಳಾರಿಯಲ್ಲಿ ಆದದ್ದು ಈಗ ನಮ್ಮಲ್ಲಿ ಏಕಾಗಬಾರದು?

ಆದುದರಿಂದ ಈ ಸಭೆಯ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತೇವೆ. ಒಂದು, ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ಗೊತ್ತಾದ ದಿನ ಆಟಿಸಂ ಪರೀಕ್ಷೆ ನಡೆಯಬೇಕು, ಮಕ್ಕಳಿಗೂ ದೊಡ್ಡವರಿಗೂ. ಎರಡು, ವರದಿ ಕನ್ನಡದಲ್ಲಿ ಕೈಗೆ ಸಿಗಬೇಕು. ಮೂರು, ಮಗುವನ್ನು ಪರೀಕ್ಷೆಗೆ ಕರೆದೊಯ್ದ ದಿನದ ಕೂಲಿಯನ್ನು ಗಿರಣಿಯವರು ಹಿಡಿಯಕೂಡದು. ಇವು ಸಿಗುವವರೆಗೆ ನಮ್ಮದೇ ಒಂದು ಕೆಲಸವುಂಟು. ಕಚೇರಿಯಲ್ಲಿ ಒಂದು ಪುಸ್ತಕ ಇಡುತ್ತೇವೆ. ಅನುಮಾನವಿರುವವರು ಹೆಸರು ಬರೆಸಿ. ಆಸ್ಪತ್ರೆಗೆ ನಿಮ್ಮ ಜೊತೆಗೆ ನಮ್ಮಲ್ಲಿ ಒಬ್ಬರು ಬರುತ್ತೇವೆ. ಒಬ್ಬಂಟಿಯಾಗಿ ಹೋದವನನ್ನು ಗುಮಾಸ್ತೆ ನಾಳೆ ಬಾ ಎನ್ನುತ್ತಾನೆ, ಇಬ್ಬರು ಹೋದರೆ ಕುರ್ಚಿ ತೋರಿಸುತ್ತಾನೆ.

ಗಿರಣಿಯ ಗೆಳೆಯರ ಹೆಸರು ಆ ಪುಸ್ತಕದ ಮೊದಲ ಸಾಲಿನಲ್ಲಿದೆ. ಬರುವ ಗುರುವಾರ ಅವರೊಡನೆ ಹೋಗುತ್ತಿದ್ದೇವೆ. ಎರಡನೆಯ ಸಾಲಿನಲ್ಲಿ ಬರೆದಿರುವುದು ನಾವು ಹೊಡೆದ ಆ ಹುಡುಗನ ಹೆಸರು. ಅವನಿಗೆ ಈಗ ಇಪ್ಪತ್ತು ದಾಟಿದೆ, ಬಸ್ ನಿಲ್ದಾಣದ ಹತ್ತಿರವೇ ಮನೆ. ಹೋದ ವಾರ ಅವನ ತಾಯಿಯನ್ನು ಕಂಡು ತಪ್ಪೊಪ್ಪಿಕೊಂಡೆವು. ಆಕೆ ಬಯ್ಯಲಿಲ್ಲ. “ಆಸ್ಪತ್ರೆಗೆ ಯಾವ ಬಸ್ಸು ಎಂದು ಅವನನ್ನೇ ಕೇಳಿ, ಅವನೇ ಹೇಳುತ್ತಾನೆ” ಎಂದರು.