ಅಪಶಕುನದೊಳಗೊಂದು ಹಕ್ಕಿ

ಇಂಗ್ಲಿಷಿನಲ್ಲಿ ‘ಇನಾಸ್ಪಿಷಸ್’ ಎಂಬ ಪದವುಂಟು. ಅಶುಭ, ಅಮಂಗಳ ಎಂದು ಅದರ ಅರ್ಥ. ಬಿಡಿಸಿ ನೋಡಿದರೆ ಆ ಪದದೊಳಗೆ ಒಂದು ಹಕ್ಕಿಯಿದೆ. ಲ್ಯಾಟಿನ್ ಭಾಷೆಯಲ್ಲಿ ‘ಅವಿಸ್’ ಎಂದರೆ ಹಕ್ಕಿ, ‘ಸ್ಪೆಕೆರೆ’ ಎಂದರೆ ನೋಡುವುದು. ಹಕ್ಕಿಗಳನ್ನು ನೋಡಿ ಶಕುನ ಹೇಳುವವನು ‘ಆಸ್ಪೆಕ್ಸ್’. ಶಕುನ ಒಳ್ಳೆಯದಾದರೆ ‘ಆಸ್ಪಿಷಸ್’. ಕೆಟ್ಟದಾದರೆ ಅದರ ಹಿಂದೆ ‘ಇನ್’ ಎಂಬ ನಿಷೇಧ ಸೇರುತ್ತದೆ. ಕನ್ನಡಿಗರು ಬಳಸುವ ‘ಅಪಶಕುನ’ದ ಕಥೆಯೂ ಇದೇ. ಸಂಸ್ಕೃತದಲ್ಲಿ ‘ಶಕುನ’ ಎಂದರೆ ಮೊದಲು ಹಕ್ಕಿ, ಆಮೇಲೆ ಅದು ಕೊಡುವ ಸೂಚನೆ. ಹಾಲಕ್ಕಿ ನುಡಿಯಿತೆಂದು ಸಾರುವ ಬುಡಬುಡಿಕೆಯವನನ್ನು ಕಂಡವರಿಗೆ ಇದು ಹೊಸದೇನಲ್ಲ.

ಪ್ರಾಚೀನ ರೋಮಿನಲ್ಲಿ ಶಕುನ ನೋಡುವುದು ರಾಜ್ಯದ ಕೆಲಸವಾಗಿತ್ತು. ಯುದ್ಧವಿರಲಿ, ಚುನಾವಣೆಯಿರಲಿ, ಅದಿಲ್ಲದೆ ಆರಂಭವಿಲ್ಲ. ದಂಡಿನ ಜೊತೆ ಪಂಜರದಲ್ಲಿ ಪವಿತ್ರ ಕೋಳಿಗಳನ್ನು ಒಯ್ಯುತ್ತಿದ್ದರು. ಹಾಕಿದ್ದನ್ನು ಅವು ಕೊಕ್ಕಿನಿಂದ ಉದುರುವಷ್ಟು ಆತುರದಲ್ಲಿ ತಿಂದರೆ ಶುಭ, ಮೂಸದಿದ್ದರೆ ಅಶುಭ.

ಕ್ರಿ.ಪೂ. 249ರಲ್ಲಿ, ಕಾರ್ಥೇಜಿನೊಡನೆ ನಡೆದ ಮೊದಲ ಯುದ್ಧದ ಕಾಲ. ಸಿಸಿಲಿಯ ಡ್ರೆಪಾನಾ ಬಂದರಿನ ಮೇಲೆ ದಾಳಿ ಮಾಡಲು ಹೊರಟ ದಂಡನಾಯಕ ಕ್ಲಾಡಿಯಸ್ ಪುಲ್ಕರ್‌ನ ಕೋಳಿಗಳು ತಿನ್ನಲಿಲ್ಲವಂತೆ. ‘ತಿನ್ನದಿದ್ದರೆ ಕುಡಿಯಲಿ’ ಎಂದು ಅವನು ಅವನ್ನು ಕಡಲಿಗೆ ಎಸೆಸಿದನಂತೆ. ಅಂದು ರೋಮ್ 93 ಹಡಗುಗಳನ್ನು ಕಳೆದುಕೊಂಡಿತು. ಕ್ಲಾಡಿಯಸ್ ವಿಚಾರಣೆ ಎದುರಿಸಿ ದಂಡ ತೆರಬೇಕಾಯಿತು.

ಕೋಳಿಯ ಈ ಕಥೆಯನ್ನು ಹೇಳಿದವರಲ್ಲಿ ಸಿಸೆರೊ ಒಬ್ಬ. ಆದರೆ ಅವನಿಗಿಂತ ಒಂದು ಶತಮಾನ ಹಿಂದಿನ ಇತಿಹಾಸಕಾರ ಪಾಲಿಬಿಯಸ್ ಈ ಯುದ್ಧವನ್ನು ವಿವರವಾಗಿ ಬಣ್ಣಿಸುವಾಗ ಕೋಳಿಗಳ ಸುದ್ದಿಯನ್ನೇ ಎತ್ತುವುದಿಲ್ಲ. ಅವನ ಪ್ರಕಾರ ರೋಮನ್ ಹಡಗುಗಳು ಬಂದರಿನೊಳಗೆ ನುಗ್ಗಿದವು; ಶತ್ರುಗಳು ಇನ್ನೊಂದು ಪಕ್ಕದಿಂದ ಹೊರಬಿದ್ದರು; ತಿರುಗಲು ಹೋದ ಹಡಗುಗಳು ಒಂದಕ್ಕೊಂದು ಬಡಿದು, ಕೊನೆಗೆ ದಡಕ್ಕೊತ್ತಿ ಸಿಕ್ಕಿಬಿದ್ದವು. ಹಿಂದೆ ಸರಿಯಲು ಜಾಗವೇ ಇರಲಿಲ್ಲ.

ಸಿಸೆರೊ ಕೂಡ ರೋಮಿನ ಶಕುನ ಮಂಡಲಿಯ ಸದಸ್ಯನಾಗಿದ್ದವನೇ. ಆದರೂ ಅವನು ಕೇಳಿದ ಪ್ರಶ್ನೆ ನೇರವಾದದ್ದು: ಪಂಜರದಲ್ಲಿ ಹಸಿದ ಕೋಳಿ ತಿನ್ನುವುದರಲ್ಲಿ ದೈವದ ಸೂಚನೆ ಎಲ್ಲಿಂದ ಬಂತು?

ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಕೋಳಿಗಳೇ. ಸೋಲಿಗೆ ಅಪಶಕುನವನ್ನು ದೂರುವುದು ಸುಲಭ. ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕುವುದು ಕಷ್ಟ. ‘ಇನಾಸ್ಪಿಷಸ್’ ಎನ್ನುವಾಗಲೂ, ‘ಅಪಶಕುನ’ ಎನ್ನುವಾಗಲೂ ಇಷ್ಟು ನೆನಪಿದ್ದರೆ ಒಳ್ಳೆಯದು.