ಬಾಳೆಹಣ್ಣಿನ ಡಿಎನ್‌ಎ ಮತ್ತು ಒಂದು ಪ್ರಶ್ನೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದೆ ಬಿಇ ಓದಿ, ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಡಿಎನ್‌ಎ ಎಂದರೆ ಡಿಆಕ್ಸಿರೈಬೋ ನ್ಯೂಕ್ಲಿಯಿಕ್ ಆಮ್ಲ ಎಂದು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡವನು. ಅದು ನೋಡಲು ಹೇಗಿರುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಹೇಳುವ ಮೇಷ್ಟ್ರುಗಳಿದ್ದರು. ತಪ್ಪು ನನ್ನದೇ.

ಆದ್ದರಿಂದ, ಹೋದ ಶನಿವಾರ ಒಂಬತ್ತನೇ ತರಗತಿ ಮಕ್ಕಳ ಜೊತೆ ಕೂತು ಡಿಎನ್‌ಎ ತೆಗೆದೆವು. ಸಾಮಾನೆಲ್ಲ ಅಡುಗೆಮನೆಯದೇ. ಅರ್ಧ ಬಾಳೆಹಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚೆನ್ನಾಗಿ ಹಿಸುಕಿದೆವು. ಅರ್ಧ ಲೋಟ ನೀರಿಗೆ ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ನೊರೆ ಬರದ ಹಾಗೆ ಹಣ್ಣಿನ ಜೊತೆ ಕಲಸಿದೆವು. ಹತ್ತು ನಿಮಿಷ ಬಿಟ್ಟು ಟೀ ಸೋಸುವ ಜಾಲರಿಯಲ್ಲಿ ಸೋಸಿದೆವು. ಐಸ್‌ನಲ್ಲಿಟ್ಟು ತಣ್ಣಗೆ ಮಾಡಿದ್ದ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ನಿಧಾನವಾಗಿ ಬಿಟ್ಟೆವು. ಎರಡು ನಿಮಿಷದಲ್ಲಿ ಹತ್ತಿಯ ಎಳೆಯಂಥದ್ದು ಬೆಳ್ಳಗೆ ಮೇಲೆದ್ದು ಬಂತು.

ಪಾತ್ರೆಯ ಜಿಡ್ಡು ಬಿಡಿಸುವ ಸೋಪೇ ಜೀವಕೋಶದ ಕೊಬ್ಬಿನ ಪೊರೆಯನ್ನೂ ಒಡೆಯುತ್ತದೆ. ಒಳಗಿನ ಡಿಎನ್‌ಎ ನೀರಿಗೆ ಬರುತ್ತದೆ. ಉಪ್ಪು ಅದನ್ನು ಒಟ್ಟುಗೂಡಲು ಬಿಡುತ್ತದೆ. ಸ್ಪಿರಿಟ್‌ನಲ್ಲಿ ಅದು ಕರಗದೆ ಮೇಲೆ ನಿಲ್ಲುತ್ತದೆ. ಮನೆಯಲ್ಲಿ ಮಾಡುವ ಮಕ್ಕಳು ದೊಡ್ಡವರನ್ನು ಜೊತೆಗಿಟ್ಟುಕೊಳ್ಳಿ. ಸ್ಪಿರಿಟ್ ಬೇಗ ಬೆಂಕಿ ಹತ್ತುತ್ತದೆ, ಬಾಯಿಗೆ ಹೋಗಬಾರದು.

ಆಮೇಲೆ ಒಬ್ಬೊಬ್ಬರೂ ಉಪ್ಪುನೀರು ಮುಕ್ಕಳಿಸಿ, ಅವರವರ ಲೋಟಕ್ಕೇ ಉಗುಳಿದರು. ಕೆನ್ನೆಯ ಒಳಗಿನ ಜೀವಕೋಶಗಳು ಅದರಲ್ಲಿ ಬರುತ್ತವೆ. ಅದಕ್ಕೂ ಸೋಪು, ಸ್ಪಿರಿಟ್. ಈ ಸಲ ಬಂದದ್ದು ಕೂದಲಿನಷ್ಟು ತೆಳ್ಳನೆಯ ಎಳೆ. ಗಲಾಟೆ ಮಾಡುತ್ತಿದ್ದ ಹುಡುಗರೆಲ್ಲ ಸುಮ್ಮನಾಗಿ ಅವರವರ ಲೋಟವನ್ನೇ ನೋಡುತ್ತಿದ್ದರು.

ಆಗ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಇದು ಹಣ್ಣಿನ ಲೋಳೆ ಅಲ್ಲ, ಡಿಎನ್‌ಎನೇ ಅಂತ ಹೆಂಗ್ ಗೊತ್ತಾಯ್ತದೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲಮ್ಮ, ನೋಡಿ ಹೇಳುತ್ತೇನೆ ಎಂದೆ. ರಾತ್ರಿ ಕೂತು ಓದಿದಾಗ ಅವಳ ಅನುಮಾನ ಸರಿ ಎಂದು ತಿಳಿಯಿತು. ಹಣ್ಣಿನ ಪೆಕ್ಟಿನ್ ಕೂಡ ಸ್ಪಿರಿಟ್‌ನಲ್ಲಿ ಹೀಗೇ ಗಟ್ಟಿಯಾಗುತ್ತದೆ. ನಾವು ಕಂಡ ಎಳೆಯಲ್ಲಿ ಡಿಎನ್‌ಎ ಜೊತೆ ಪೆಕ್ಟಿನ್, ಪ್ರೋಟೀನ್, ಆರ್‌ಎನ್‌ಎ ಕೂಡ ಇರುತ್ತವೆ. ಡೈಫಿನೈಲ್ ಅಮೀನ್ ಎಂಬ ರಾಸಾಯನಿಕ ಹಾಕಿ ಬಿಸಿ ಮಾಡಿ, ನೀಲಿ ಬಣ್ಣ ಬಂದರೆ ಡಿಎನ್‌ಎ ಇದೆ ಎಂದು ಹೇಳಬಹುದು.

1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ಊರಿನ ಕೋಟೆಯ ಹಳೆಯ ಅಡುಗೆಮನೆಯಲ್ಲಿ, ಆಸ್ಪತ್ರೆಯ ಬ್ಯಾಂಡೇಜಿನ ಕೀವಿನಿಂದ ಈ ವಸ್ತುವನ್ನು ಮೊದಲು ತೆಗೆದವನು ಫ್ರೆಡರಿಕ್ ಮೀಷರ್. ಅವನಿಗೂ ಇದೇ ಅನುಮಾನ: ಇದು ಬರೀ ಪ್ರೋಟೀನ್ ಇರಬಹುದೇ? ಪ್ರೋಟೀನ್ ಕರಗಿಸುವ ಪೆಪ್ಸಿನ್ನನ್ನು ಹಂದಿಯ ಹೊಟ್ಟೆಯಿಂದ ತೆಗೆದು ಹಾಕಿ ನೋಡಿದ. ಆದರೂ ಅದು ಉಳಿಯಿತು. ನಮ್ಮ ಹುಡುಗಿ ಕೇಳಿದ್ದು ಮೀಷರ್ ಕೇಳಿದ ಪ್ರಶ್ನೆಯನ್ನೇ.

ಇದರಿಂದ ರೈತರಿಗೇನು ಎನ್ನುವವರು ನಂಜನಗೂಡು ರಸಬಾಳೆಯನ್ನು ನೆನೆಯಿರಿ. ಅದು ಬೀಜದಿಂದ ಹುಟ್ಟುವುದಿಲ್ಲ, ಕಂದು ನೆಟ್ಟು ಬೆಳೆಸುತ್ತೇವೆ. ಹಾಗಾಗಿ ತೋಟದ ಗಿಡಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಪನಾಮಾ ಸೊರಗು ರೋಗ ಒಂದು ಗಿಡಕ್ಕೆ ಬಂದರೆ, ಪಕ್ಕದ ಗಿಡಕ್ಕೂ ತಡೆಯುವ ಶಕ್ತಿ ಇರುವುದಿಲ್ಲ. ಆ ಬಾಳೆ ಅಪರೂಪವಾಗಲು ಇದೂ ಒಂದು ಕಾರಣ.

ಮುಂದಿನ ವರ್ಷ ರಜೆ ಹಾಕಿ ಮತ್ತೆ ಬರುತ್ತೇನೆ, ರಸಾಯನಶಾಸ್ತ್ರ ಬಲ್ಲ ಗೆಳೆಯರೊಬ್ಬರನ್ನೂ ಕರೆತರುತ್ತೇನೆ. ನೀಲಿ ಬಣ್ಣ ಬರುತ್ತದೋ ಇಲ್ಲವೋ ಆ ಹುಡುಗಿಯೇ ನೋಡಿ ಹೇಳಲಿ. ನಾನು ಕೇಳದೆ ಬಿಟ್ಟ ಪ್ರಶ್ನೆಗಳನ್ನು ಈ ಮಕ್ಕಳು ಕೇಳಲಿ ಎಂದು ಹಾರೈಸುತ್ತೇನೆ.